ಹೀಟರ್ ಸಂಜೆ ಬರ್ತಿದೆ

ಜನವರಿ 9, ಸೋಮವಾರ

ವ್ಯಾನಿನ ಹೀಟರ್ ಕೈಕೊಟ್ಟಿತು. ಫ್ಯಾನು ತಿರುಗುತ್ತದೆ, ಗಾಳಿಯೂ ಬರುತ್ತದೆ, ಆದರೆ ತಣ್ಣನೆಯ ಗಾಳಿ. ಸ್ವಿಚ್ಚನ್ನು ಕೆಂಪು ಗೆರೆಯ ಕೊನೆಯವರೆಗೆ ತಿರುಗಿಸಿದೆ, ನೀಲಿಗೆ ತಂದೆ, ಮತ್ತೆ ಕೆಂಪಿಗೆ. ಅದರ ಪಾಡಿಗೆ ಅದು ತಣ್ಣಗೇ ಊದುತ್ತಿತ್ತು. ಆಫ್ ಮಾಡಿದರೆ ಗಾಜಿಗೆ ಮಂಜು ಕಟ್ಟುತ್ತದೆ, ಆನ್ ಮಾಡಿದರೆ ಹಿಂದೆ ಕೂತವರ ಹಲ್ಲು ಕಟಕಟ ಎನ್ನುತ್ತದೆ.

ಈ ಡೈರಿ ಟೈರ್ ಅಂಗಡಿಯವರು ಪ್ರತಿ ವರ್ಷ ಪುಕ್ಕಟೆ ಕೊಡುವುದು. ಇವರು ಇದ್ದಾಗ ಇದರಲ್ಲಿ ಕಿಲೋಮೀಟರ್ ಬರೆದಿಡುತ್ತಿದ್ದರು. ನಾನೂ ಅದನ್ನೇ ಬರೆಯೋಣವೆಂದು ಕೂತವಳು ಹೀಟರ್ ಪುರಾಣ ಶುರುಮಾಡಿದ್ದೇನೆ. ಇರಲಿ, ಯಾರು ಓದಬೇಕು ಇದನ್ನು.

ಇವರು ಹೋಗಿ ಮೂರು ತಿಂಗಳಾಯಿತು. ಸೋಮವಾರ, ಬುಧವಾರ, ಶುಕ್ರವಾರ ಕಿಡ್ನಿ ಕೆಟ್ಟವರನ್ನು ಮನೆಯಿಂದ ಡಯಾಲಿಸಿಸ್ ಕೇಂದ್ರಕ್ಕೆ ಕರೆದೊಯ್ಯುವುದು, ನಾಲ್ಕು ಗಂಟೆ ಮಿಷಿನ್ನಿನಲ್ಲಿ ರಕ್ತ ತೊಳೆಸಿಕೊಂಡ ಮೇಲೆ ವಾಪಸು ಮನೆಗೆ ಬಿಡುವುದು ಇವರ ಕೆಲಸವಾಗಿತ್ತು. ಈಗ ಬೆಳಗಿನ ನಾಲ್ವರು ನನ್ನ ಪಾಲು, ಮಧ್ಯಾಹ್ನದ ಮೇಲಿನ ನಾಲ್ವರು ನಾದಿನಿಯ ಪಾಲು. ಇವರ ತಂಗಿ ಅವಳು. ಇವರು ಹೋದ ಮೇಲೆ ಬೇರೆ ಊರಿನಿಂದ ಬಂದು ಮಹಡಿಯ ಮೇಲಿನ ಕೋಣೆಯಲ್ಲಿರುತ್ತಾಳೆ. ನಮ್ಮಿಬ್ಬರಿಗೆ ಮಾತಿಲ್ಲ. ಏನಿದ್ದರೂ ಫ್ರಿಜ್ಜಿನ ಬಾಗಿಲಿಗೆ ಚೀಟಿ: ‘ಡೀಸೆಲ್ ಹಾಕಿಸಿದೆ.’ ‘ಹಿಂದಿನ ಬಲಗಡೆ ಟೈರಿಗೆ ಗಾಳಿ ಬೇಕು.’

ಮಿಷಿನ್ನಿನಿಂದ ಎದ್ದು ಬಂದವರಿಗೆ ಚಳಿ ಬೇರೆಯೇ. ನನ್ನ ನಾಲ್ವರಲ್ಲಿ ಒಬ್ಬರಾದ ಗುಂಡಿ ಅಜ್ಜಿ ವಾಪಸು ಬರುವಾಗ ಪೂರ್ತಿ ಮುದುಡಿಕೊಂಡು ಕೂತಿದ್ದರು. ನಲವತ್ತು ವರ್ಷ ಗುಂಡಿ, ದಾರ, ಸೂಜಿ ಮಾರಿದ ಹೆಂಗಸು. ಬಾಯಿ ಸುಮ್ಮನಿರುವ ಜಾತಿಯಲ್ಲ. ಇವತ್ತು ನಲವತ್ತು ನಿಮಿಷದ ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ.

ಜನವರಿ 11, ಬುಧವಾರ

ನಾಲ್ವರನ್ನೂ ಮನೆಗೆ ಬಿಟ್ಟು ವ್ಯಾನನ್ನು ಮೆಕ್ಯಾನಿಕ್ ಹತ್ತಿರ ಒಯ್ದೆ. ಇವರ ಕಾಲದಿಂದ ನೋಡುತ್ತಿರುವವನು.

“ಅಕ್ಕ, ಈ ಟೆಂಪರೇಚರ್ ಮುಳ್ಳು ನೋಡಿ, ಮೇಲೇಳೋದೇ ಇಲ್ಲ. ಎಂಜಿನ್ನೇ ಬಿಸಿ ಆಗ್ತಿಲ್ಲ ಅಂದ್ರೆ ಹೀಟರ್ ಎಲ್ಲಿಂದ ತರುತ್ತೆ ಬಿಸಿ?” ಎಂದ.

ಹೀಟರಿಗೆ ಸ್ವಂತದ್ದು ಅಂತ ಏನೂ ಇಲ್ಲವಂತೆ. ಎಂಜಿನ್ನಿನಲ್ಲಿ ಕಾದ ನೀರು ಒಂದು ಪೈಪಿನಲ್ಲಿ ಒಳಗೆ ಬಂದು, ಡ್ಯಾಶ್‌ಬೋರ್ಡಿನ ಹಿಂದೆ ಸುತ್ತಿ, ಇನ್ನೊಂದು ಪೈಪಿನಲ್ಲಿ ವಾಪಸು ಹೋಗುತ್ತದೆ. ಫ್ಯಾನು ಅದರ ಮೇಲೆ ಊದುತ್ತದೆ, ಅಷ್ಟೇ. ಇಪ್ಪತ್ತೆರಡು ವರ್ಷ ಈ ವ್ಯಾನಿನಲ್ಲಿ ಓಡಾಡಿದ್ದೇನೆ, ಇವತ್ತು ಗೊತ್ತಾಯಿತು. ಥರ್ಮೋಸ್ಟಾಟ್ ಎಂಬ ಸಣ್ಣ ಬಿರಡೆ ತೆರೆದ ಹಾಗೇ ಸಿಕ್ಕಿಕೊಂಡಿತ್ತು. ಹೊಸದು ಹಾಕಿದ.

“ಎಂಜಿನ್ ನೀರಿಂದು ಈ ಕೂಲೆಂಟ್ ಡಬ್ಬಿ, ಇದರ ಮೇಲೆ ಎರಡು ಗೆರೆ ಇದೆ ನೋಡಿ. ನೀರು ಅವೆರಡರ ಮಧ್ಯೆ ಇರ್ಬೇಕು. ಒಂದು ಕಣ್ಣಿಟ್ಟಿರಿ,” ಎಂದ. ವ್ಯಾನ್ ತೆಗೆದುಕೊಳ್ಳಲು ನಾದಿನಿ ನೇರ ಗ್ಯಾರೇಜಿಗೆ ಬರುವವಳಿದ್ದಳು. ಅವಳು ಬರುವಷ್ಟರಲ್ಲಿ ನಾನು ನಡೆದುಕೊಂಡು ಮನೆಗೆ ಬಂದೆ. ನಡೆದೆ ಅನ್ನುವುದು ನೆನಪಿದೆ, ಯಾವ ರಸ್ತೆಯಲ್ಲಿ ಬಂದೆ ಎಂದು ಕೇಳಿದರೆ ಹೇಳಲಾರೆ.

ಜನವರಿ 13, ಶುಕ್ರವಾರ

ಮತ್ತೆ ತಣ್ಣಗೆ. ಮುಳ್ಳು ಮಧ್ಯಕ್ಕೆ ಬಂದು ಗಟ್ಟಿಯಾಗಿ ನಿಂತಿದೆ, ಎಂಜಿನ್ ಬಿಸಿ, ಗಾಳಿ ಮಾತ್ರ ತಣ್ಣಗೆ. ಬೆಳಿಗ್ಗೆ ಹೊರಡುವ ಮೊದಲು ಡಬ್ಬಿ ನೋಡಿದ್ದೆ, ನೀರು ಕೆಳಗಿನ ಗೆರೆಗಿಂತ ಕೆಳಗಿತ್ತು. ಮೇಲಿನ ಗೆರೆಯವರೆಗೆ ತುಂಬಿಸಿದೆ. ಪ್ರಯೋಜನವಾಗಲಿಲ್ಲ.

ಫ್ರಿಜ್ಜಿಗೆ ಚೀಟಿ ಅಂಟಿಸಿದೆ: ‘ಹೀಟರ್ ಬರ್ತಿಲ್ಲ.’ ಸಂಜೆ ಅದರ ಕೆಳಗೇ ಅವಳ ದುಂಡಕ್ಷರ: ‘ಸಂಜೆ ಬರ್ತಿದೆ.’

ಅಂದರೆ ಏನರ್ಥ? ನನಗೆ ಸ್ವಿಚ್ಚು ತಿರುಗಿಸಲು ಬರುವುದಿಲ್ಲ ಎಂದೇ? ಚೀಟಿ ಹರಿದು ಬಿಸಾಡಿದೆ.

ಜನವರಿ 16, ಸೋಮವಾರ

ನೀರು ಮತ್ತೆ ಕೆಳಗಿಳಿದಿದೆ. ಎಲ್ಲೋ ಸೋರುತ್ತಿದೆ. ನಾನೇ ಮತ್ತೆ ತುಂಬಿದೆ.

ಬರುವಾಗ ಗುಂಡಿ ಅಜ್ಜಿಯ ತುಟಿ ನೀಲಿಯಾಗಿತ್ತು. ಪೋಸ್ಟ್‌ಮ್ಯಾನ್ ತನ್ನ ಕೋಟು ಬಿಚ್ಚಿ ಅವರ ಮಂಡಿಯ ಮೇಲೆ ಹಾಕಿದರು. ಅವರಿಗೂ ಅದೇ ಕಾಯಿಲೆ, ಅದೇ ಚಳಿ. ಮೂವತ್ತು ವರ್ಷ ಸೈಕಲ್ಲಿನಲ್ಲಿ ಅಂಚೆ ಹಂಚಿದವರು, ನನಗೇನೂ ಆಗಲ್ಲ ಎನ್ನುತ್ತಾರೆ. ಎರಡೂ ಕೈಯನ್ನು ಮಾತ್ರ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದರು.

ಇಳಿಯುವಾಗ ಅಜ್ಜಿ ಹೇಳಿದರು: “ನೋಡಮ್ಮ, ನಿನ್ನ ಮೇಲೆ ಕೋಪ ಇಲ್ಲ. ನನಗೆ ಈ ಚಳಿ ತಡೆಯೋಕಾಗಲ್ಲ. ಮೂಳೆ ಒಳಗೆ ಹೋಗಿ ಕೂತ್ಕೊಳ್ಳುತ್ತೆ, ಮಾರನೇ ದಿನಾನೂ ಇಳಿಯಲ್ಲ. ನಾನಿನ್ನು ಬರಲ್ಲ.”

“ಬರದೆ ಇದ್ರೆ ಹೇಗೆ ಅಜ್ಜಿ?”

“ಬರದೆ ಇದ್ರೆ ಏನಾಗುತ್ತೆ ಅಂತ ನಂಗೆ ಗೊತ್ತಿಲ್ವಾ? ಆಗೋದು ಹಾಸಿಗೆಯಲ್ಲಿ ಬೆಚ್ಚಗೆ ಆಗ್ಲಿ.”

ಹೂಂ ಎಂದೆ. ವ್ಯಾನ್ ತಿರುಗಿಸಿದೆ. ಮನೆಗೆ ಬಂದು ತಟ್ಟೆ ತೊಳೆಯುವಾಗ, ಹೂಂ ಎಂದೆನಲ್ಲ ಎಂದು ಹೊಳೆಯಿತು. ಹೊಳೆದ ಮೇಲೂ ಏನೂ ಅನ್ನಿಸಲಿಲ್ಲ. ನನಗೆ ಏನಾಗಿದೆಯೋ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ದವಡೆ ಇರುತ್ತದಲ್ಲ, ಹಾಗೆ ಇದ್ದೇನೆ.

ಜನವರಿ 18, ಬುಧವಾರ

ಅಜ್ಜಿ ಬರಲಿಲ್ಲ. ಮುಚ್ಚಿದ ಅಂಗಡಿಯ ಮೇಲಿನ ಮನೆ ಅವರದು. ಹಾರ್ನ್ ಹೊಡೆದೆ. ಕಿಟಕಿಯ ಪರದೆ ಸರಿಯಿತು, ಒಂದು ಕೈ ಹೋಗು ಹೋಗು ಎಂದಿತು, ಪರದೆ ಮುಚ್ಚಿತು.

ಕೇಂದ್ರದ ನರ್ಸ್ ನನ್ನನ್ನು ಪಕ್ಕಕ್ಕೆ ಕರೆದರು. “ಅವರಿಗೆ ಒಂದು ಸಲ ತಪ್ಪಿದ್ರೆ ಕಾಲು ಊದುತ್ತೆ. ಎರಡು ಸಲ ತಪ್ಪಿದ್ರೆ ಮುಖ. ಮೂರನೇ ಸಲಕ್ಕೆ ನೀರು ಎದೆಗೆ ಬರುತ್ತೆ. ಆಮೇಲೆ ನನ್ನ ಕೈಲಿ ಇರಲ್ಲ. ಹೇಗಾದ್ರೂ ಕರ್ಕೊಂಡು ಬನ್ನಿ.”

ರಾತ್ರಿಯೆಲ್ಲಾ ವ್ಯಾನಿನ ಅಡಿ ರಟ್ಟು ಹಾಸಿಟ್ಟಿದ್ದೆ, ಸೋರಿದರೆ ಕಲೆ ಬೀಳಲಿ ಎಂದು. ರಟ್ಟು ಒಣಗಿದ ಹಾಗೇ ಇದೆ. ಕಾಲಡಿಯ ಚಾಪೆ ಎತ್ತಿ ಕೈಯಾಡಿಸಿದೆ, ಅಲ್ಲೂ ಒದ್ದೆಯಿಲ್ಲ. ಡಬ್ಬಿಯಲ್ಲಿ ಮಾತ್ರ ನೀರು ಮತ್ತೆ ಕೆಳಗೆ. ಮತ್ತೆ ತುಂಬಿಸಿದೆ. ಆ ನೀರು ಹೋಗುತ್ತಿರುವುದಾದರೂ ಎಲ್ಲಿಗೆ? ಆವಿಯಾಗಿ ಆಕಾಶಕ್ಕೋ?

ಜನವರಿ 20, ಶುಕ್ರವಾರ

ಇವತ್ತು ಡಬ್ಬಿ ನೋಡುವ ಗೊಡವೆಗೂ ಹೋಗದೆ, ಬಿಸಿನೀರಿನ ಚೀಲ ಎರಡು, ಕಂಬಳಿ ಮೂರು ಹಿಡಿದು ಅಜ್ಜಿಯ ಮನೆಯ ಮೆಟ್ಟಿಲು ಹತ್ತಿದೆ. ಅಜ್ಜಿ ಬಾಗಿಲನ್ನು ಅಂಗೈಯಷ್ಟು ತೆರೆದರು. ಕಣ್ಣಿನ ಕೆಳಗೆಲ್ಲ ಊದಿಕೊಂಡಿತ್ತು.

“ನಾನೇನು ಮೂಟೆನಾ, ಸುತ್ತಿ ಸಾಗಿಸೋಕೆ?” ಎಂದು ಬಾಗಿಲು ಹಾಕಿಕೊಂಡರು.

ಎರಡನೇ ಸಲ ತಪ್ಪಿತು.

ಜನವರಿ 21, ಶನಿವಾರ

ಇವತ್ತು ಸರ್ವಿಸ್ ಇಲ್ಲ. ಎಂಜಿನ್ ಓಡಿಸಿ, ಬಾನೆಟ್ ಎತ್ತಿ, ಒಳಗೆ ಹೋಗುವ ಎರಡು ಪೈಪುಗಳನ್ನು ಕೈಯಲ್ಲಿ ಮುಟ್ಟಿ ನೋಡಿದೆ. ಒಂದು ಸುಡುತ್ತಿತ್ತು. ಇನ್ನೊಂದು ನಲ್ಲಿಯ ಪೈಪಿನ ಹಾಗೆ ತಣ್ಣಗೆ. ಮೆಕ್ಯಾನಿಕ್‌ಗೆ ಫೋನ್ ಮಾಡಿ ಹೇಳಿದೆ.

“ಅಯ್ಯೋ ಅಕ್ಕ, ಅರ್ಧ ಮೆಕ್ಯಾನಿಕ್ ಆಗ್ಬಿಟ್ರಿ,” ಎಂದು ನಕ್ಕ. “ಒಳಗೆ ಗಾಳಿ ಸಿಕ್ಕಿಕೊಂಡಿದೆ. ಗಾಳಿ ಕೂತ ಕಡೆ ನೀರು ಹೋಗಲ್ಲ. ಎಂಜಿನ್ ಪೂರ್ತಿ ತಣ್ಣಗಾಗ್ಲಿ. ಮೂತಿ ಮೇಲಾಗೋ ಹಾಗೆ ಏರಲ್ಲಿ ನಿಲ್ಲಿಸಿ. ರೇಡಿಯೇಟರ್ ಮುಚ್ಚಳ ತೆಗೆದು, ಎಂಜಿನ್ ಓಡಿಸ್ತಾ, ನೀರು ಹಾಕ್ತಾ ಇರಿ. ಗುಳ್ಳೆ ನಿಲ್ಲೋವರೆಗೆ. ಬಿಸಿ ಇದ್ದಾಗ ಮಾತ್ರ ಮುಚ್ಚಳ ಮುಟ್ಟಬೇಡಿ, ಮುಖ ಸುಟ್ಟುಕೊಳ್ತೀರ.”

ಎರಡು ಗಂಟೆ ಕಾದೆ. ಶಾಲೆಯ ಹಿಂದಿನ ಏರಿನಲ್ಲಿ ನಿಲ್ಲಿಸಿ, ಮುಚ್ಚಳ ತೆಗೆದು, ಲೋಟ ಲೋಟವಾಗಿ ಹಾಕಿದೆ. ಮೊದಲು ಸಣ್ಣ ಗುಳ್ಳೆ, ಆಮೇಲೆ ಒಂದು ದೊಡ್ಡ ಗುಳುಕ್. ನೀರು ಒಮ್ಮೆಗೇ ಇಳಿದುಹೋಯಿತು, ಮತ್ತೆ ಹಾಕಿದೆ. ನಲವತ್ತು ನಿಮಿಷ. ಒಳಗೆ ಹೋಗಿ ಕೂತು ಫ್ಯಾನ್ ಹಾಕಿದರೆ ಬಿಸಿಗಾಳಿ. ಕೈ ಒಡ್ಡಿಕೊಂಡು ಸುಮ್ಮನೆ ಕೂತೆ.

ಹಾಗೇ ಅಜ್ಜಿಯ ಮನೆಗೆ ಓಡಿಸಿದೆ. ಬೈದುಕೊಂಡೇ ಇಳಿದು ಬಂದರು, ಮನೆಚಪ್ಪಲಿಯಲ್ಲಿ, ಕಂಬಿ ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು. ಒಳಗೆ ಕೂರಿಸಿದೆ. ಗಾಳಿಗೆ ಮುಖ ಕೊಟ್ಟು ಕಣ್ಣು ಮುಚ್ಚಿಕೊಂಡರು.

“ಈಗಲೇ ಹೋಗೋಣ್ವಾ?” ಎಂದೆ.

“ಶನಿವಾರ ಮಿಷಿನ್ ಕೊಡ್ತಾರಾ ಹುಚ್ಚಿ? ಸೋಮವಾರ ಬಾ. ಇದು ಹೀಗೇ ಇದ್ರೆ ಬರ್ತೀನಿ.”

“ಹೀಗೇ ಇರುತ್ತೆ,” ಎಂದು ಮಾತು ಕೊಟ್ಟೆ.

ಜನವರಿ 23, ಸೋಮವಾರ

ಒಂದೇ ಸಲ ಬರೆಯಲು ಆಗುತ್ತಿಲ್ಲ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಡಬ್ಬಿ ಪೂರ್ತಿ ಖಾಲಿ. ಶನಿವಾರ ನಾನೇ ಗೆರೆ ಮುಟ್ಟುವ ಹಾಗೆ ತುಂಬಿದ್ದು. ಹೊತ್ತಾಗಿತ್ತು, ತುಂಬಿಕೊಂಡು ಹೊರಟೆ. ಅಜ್ಜಿ ಹೇಳಿದ ಹೊತ್ತಿಗೆ ಸರಿಯಾಗಿ ಕೆಳಗೆ ನಿಂತಿದ್ದರು. ಮುಖ ಬಾತು ಗುರುತೇ ಸಿಗದ ಹಾಗಾಗಿತ್ತು. ಹತ್ತಿ ಕೂತರು, ಗಾಳಿಗೆ ಕೈ ಒಡ್ಡಿದರು. ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡರು.

“ಎಂಜಿನ್ ಕಾಯ್ಲಿ ಅಜ್ಜಿ, ಎರಡು ನಿಮಿಷ,” ಎಂದೆ. ಮುಳ್ಳು ಮಧ್ಯದಲ್ಲೇ ಇತ್ತು. ಅದು ಅವರಿಗೂ ಕಾಣುತ್ತಿತ್ತು.

“ಸುಳ್ಳು ಹೇಳಿದೆ ನಂಗೆ,” ಎಂದರು. ಕೂಗಲಿಲ್ಲ. ಬಾಗಿಲು ತೆಗೆದು ಇಳಿದರು. ಉಳಿದ ಮೂವರಿಗೆ ಹೊತ್ತಾಗುತ್ತಿತ್ತು, ಹೊರಟೆ.

ಅವರನ್ನು ಬಿಟ್ಟು, ಕಾಯದೆ ಮನೆಗೆ ಬಂದೆ. ಕೂಲೆಂಟಿನ ಕ್ಯಾನ್ ಹುಡುಕಿ ಸ್ಟೋರ್ ಕೋಣೆಗೆ ಹೋದರೆ, ಕಪಾಟಿನ ಕೆಳಗೆ ಐದು ಬಾಟಲಿ. ಐದರಲ್ಲೂ ಡಬ್ಬಿಯಲ್ಲಿರುವ ಅದೇ ಹಸಿರು ನೀರು. ಒಂದೊಂದಕ್ಕೂ ಚೀಟಿ, ಚೀಟಿಯಲ್ಲಿ ತಾರೀಕು, ದುಂಡಕ್ಷರ. ಹನ್ನೊಂದು, ಹದಿಮೂರು, ಹದಿನಾರು, ಹದಿನೆಂಟು. ಕೊನೆಯದು ಇಪ್ಪತ್ತೊಂದು, ಶನಿವಾರ. ತುಂಬಾ ದಿನದ ಮೇಲೆ ನನಗೆ ಸಿಟ್ಟು ಬಂತು. ಕಿವಿ ಬಿಸಿಯಾಯಿತು.

ಮಹಡಿ ಹತ್ತಿ ಅವಳ ಕೋಣೆಯ ಬಾಗಿಲು ಬಡಿದೆ. ಬಾಟಲಿಯನ್ನು ಮುಖದ ಮುಂದೆ ಹಿಡಿದೆ.

“ಏನಿದು?”

ಮೂರು ತಿಂಗಳ ಮೇಲೆ ನಾವಾಡಿದ ಮೊದಲ ಮಾತು ಇದು.

“ನೀವು ಜಾಸ್ತಿ ತುಂಬ್ತೀರಿ ಅತ್ತಿಗೆ. ನಾನು ಬಂದು ನೋಡಿದಾಗೆಲ್ಲ ಮೇಲಿನ ಗೆರೆ ದಾಟಿರುತ್ತೆ. ಮೆಕ್ಯಾನಿಕ್ ಗೆರೆ ದಾಟಬಾರದು ಅಂದಿದ್ದ. ಹೆಚ್ಚಾಗಿದ್ದನ್ನ ತೆಗೆದಿಟ್ಟೆ. ಚೆಲ್ಲಿಲ್ಲ, ಒಳ್ಳೇ ಕೂಲೆಂಟು.”

“ಜಾಸ್ತಿ ಎಲ್ಲಿ? ಬೆಳಿಗ್ಗೆ ನೋಡಿದ್ರೆ ತಳ ಕಾಣ್ತಿರುತ್ತೆ.”

“ಸಂಜೆ ತುಂಬಿರುತ್ತೆ. ಶನಿವಾರ ನೀವು ವ್ಯಾನ್ ತಂದು ನಿಲ್ಲಿಸಿದ್ರಲ್ಲ, ಆಗಂತೂ ಕುತ್ತಿಗೆವರೆಗೂ ಇತ್ತು.”

ಬಾಯಿ ಜೋರಾಯಿತು. ಕೊನೆಗೆ ಅವಳೇ ಫೋನ್ ತೆಗೆದು, ಮೆಕ್ಯಾನಿಕ್‌ಗೆ ಹಚ್ಚಿ, ಸ್ಪೀಕರ್ ಹಾಕಿ ನಮ್ಮಿಬ್ಬರ ಮಧ್ಯೆ ಹಿಡಿದಳು. ಅವನು ಇಬ್ಬರದ್ದೂ ಕೇಳಿದ.

“ನೀರು ಬಿಸಿಯಾದ್ರೆ ಹಿಗ್ಗಿ ಡಬ್ಬಿಗೆ ಏರುತ್ತೆ,” ಎಂದ. “ತಣ್ಣಗಾದ್ರೆ ಎಂಜಿನ್ನು ಅದನ್ನ ವಾಪಸು ಎಳ್ಕೊಳ್ಳುತ್ತೆ. ಅಕ್ಕ ನೋಡೋದು ತಣ್ಣಗಿದ್ದಾಗ. ತಂಗಿ ನೋಡೋದು ಬಿಸಿ ಇದ್ದಾಗ. ತಂಗಿ ತೆಗೆದುಬಿಟ್ಟಿರ್ತಾರೆ, ಎಂಜಿನ್ನು ಎಳೆದಾಗ ನೀರಿಲ್ಲ, ಗಾಳಿ ಎಳ್ಕೊಳ್ಳುತ್ತೆ. ಬೆಳಿಗ್ಗೆ ಹೀಟರ್ ತಣ್ಣಗೆ. ದಿನವಿಡೀ ಓಡಿ ಓಡಿ ಗಾಳಿ ಹೊರಗೆ ಹೋಗುತ್ತೆ, ಸಂಜೆ ಬೆಚ್ಚಗೆ. ನಿಮ್ಮಿಬ್ಬರದ್ದೂ ಒಂದೇ ಮನೆ ಅಲ್ವಾ? ಒಂದು ಮಾತು ಕೇಳ್ಕೊಳ್ಳೋಕೆ ಏನಾಗಿತ್ತು?”

ನಾನು ಅಜ್ಜಿಯ ವಿಷಯ ಹೇಳಿದೆ. ಇವತ್ತಿಗೆ ಮೂರನೇ ಸಲ ಎಂದೆ. ನಾದಿನಿ ಆಗಲೇ ಕೋಟು ಹಾಕಿಕೊಳ್ಳುತ್ತಿದ್ದಳು. ಬೆಳಗಿನವರು ಮಿಷಿನ್ನಿನಿಂದ ಏಳುವ ಹೊತ್ತಾಗಿತ್ತು; ಅವರನ್ನು ಅವರವರ ಮನೆಗೆ ಮುಟ್ಟಿಸಿ, ಇಬ್ಬರೂ ಅಜ್ಜಿಯ ಮನೆಗೆ ಹೋದೆವು. ಹೀಟರ್ ಹದವಾಗಿ ಬೆಚ್ಚಗಾಗತೊಡಗಿತ್ತು, ಅದರ ಕಡೆ ಯಾರ ಗಮನವೂ ಇರಲಿಲ್ಲ.

ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಅಜ್ಜಿ ಹಾಸಿಗೆಯಲ್ಲಿ ಮೂರು ದಿಂಬಿಗೆ ಒರಗಿ ಕೂತು ಉಸಿರಿಗೆ ಒದ್ದಾಡುತ್ತಿದ್ದರು. ಎದೆಯಲ್ಲಿ ಗೊರಗೊರ. ನನ್ನನ್ನು ನೋಡಿ ಬೇಡ ಎಂದು ಕೈಯಾಡಿಸಿದರು.

“ಬೈಯೋದಿದ್ರೆ ದಾರೀಲಿ ಬೈಯಿರಿ ಅಜ್ಜಿ, ದೂರ ಇದೆ,” ಎಂದು ನಾದಿನಿ ಅವರ ಕಂಕುಳಿಗೆ ಕೈಕೊಟ್ಟು ಎತ್ತಿದಳು. ಮೆಟ್ಟಿಲಿಳಿಸಲು ಹತ್ತು ನಿಮಿಷ ಹಿಡಿಯಿತು. ಅವಳು ಓಡಿಸಿದಳು, ನಾನು ಹಿಂದೆ ಅಜ್ಜಿಯನ್ನು ಎದೆಗೊರಗಿಸಿಕೊಂಡು ಕೂತೆ. ಅವರ ಪ್ರತಿ ಉಸಿರೂ ನನ್ನ ಕೈಗೆ ಗೊತ್ತಾಗುತ್ತಿತ್ತು. ನನಗೆ ಭಯವಾಯಿತು. ಮಧ್ಯಾಹ್ನದ ನಾಲ್ವರನ್ನು ಆಮೇಲೆ ಕರೆತರುತ್ತೇನೆಂದು ನಾದಿನಿ ಫೋನಿನಲ್ಲಿ ಹೇಳಿದಳು. ಒಬ್ಬರೂ ಗೊಣಗಲಿಲ್ಲ.

ನರ್ಸ್ ಅಜ್ಜಿಯ ಮುಖ ನೋಡಿದವರೇ ಬಾಗಿಲು ತೆರೆದು ಒಳಗೆ ಒಯ್ದರು. ನಾಲ್ಕು ಗಂಟೆ ಬೇಕು ಎಂದರು. ನಾದಿನಿ ತನ್ನವರನ್ನು ತಂದು ಬಿಟ್ಟ ಮೇಲೆ, ಹೊರಗಿನ ಬೆಂಚಿನಲ್ಲಿ ನಾವಿಬ್ಬರೇ.

ಟೀ ತಂದುಕೊಟ್ಟಳು. ಎದುರಿನ ಗೋಡೆ ನೋಡುತ್ತಾ ಕೇಳಿದಳು: “ಅವತ್ತೂ ನಾಲ್ಕು ಗಂಟೆ ಇತ್ತು ಅತ್ತಿಗೆ. ಅಣ್ಣನನ್ನ ಆಸ್ಪತ್ರೆಗೆ ಸೇರಿಸಿದ್ದು ಎಂಟಕ್ಕೆ. ನಂಗೆ ಫೋನ್ ಬಂದಿದ್ದು ಹನ್ನೆರಡಕ್ಕೆ, ಎಲ್ಲಾ ಮುಗಿದ ಮೇಲೆ. ಮೂರು ಗಂಟೆ ದಾರಿ. ನಾನು ಬಂದುಬಿಡ್ತಿದ್ದೆ. ಆ ನಾಲ್ಕು ಗಂಟೆ ನೀವು ಏನ್ ಮಾಡ್ತಿದ್ರಿ?”

“ಕೂತಿದ್ದೆ,” ಎಂದೆ. “ಫೋನು ಕೈಯಲ್ಲೇ ಇತ್ತು. ನಿನ್ನ ನಂಬರ್ ತೆಗೆದು ಇಟ್ಕೊಂಡಿದ್ದೆ. ಒತ್ತಲಿಲ್ಲ. ನಿನಗೆ ಹೇಳಿಬಿಟ್ರೆ ಅದು ನಿಜ ಆಗಿಬಿಡುತ್ತೆ ಅನ್ನಿಸ್ತು. ತಪ್ಪು ನಂದೇ.”

ಟೀ ಆರಿತು. ಆಮೇಲೆ, “ಅಣ್ಣ ಏನಾದ್ರೂ ಅಂದ್ನಾ?” ಎಂದಳು.

“ವ್ಯಾನಿನ ಲೈಟ್ ಆಫ್ ಮಾಡಿದ್ಯಾ, ಬ್ಯಾಟರಿ ಇಳಿದುಹೋಗುತ್ತೆ ಅಂದ್ರು.”

ಅವಳು ಮೂಗು ಒರೆಸಿಕೊಂಡಳು. “ಮಾಡಿದ್ರಾ?”

“ಇಲ್ಲ. ಮಾರನೇ ದಿನ ಬ್ಯಾಟರಿ ಇಳಿದೇ ಹೋಗಿತ್ತು.”

ಅವಳ ಭುಜ ಕುಲುಕಿತು. ನಕ್ಕಳೋ ಅತ್ತಳೋ ನೋಡಲು ನಾನು ತಿರುಗಲಿಲ್ಲ. ಆರೂವರೆಗೆ ನರ್ಸ್ ಬಂದು ಅಜ್ಜಿಯ ಉಸಿರು ಹಗುರಾಗಿದೆ, ಎರಡು ದಿನ ಇಲ್ಲೇ ಇರಲಿ ಎಂದರು.

ಜನವರಿ 25, ಬುಧವಾರ

ಶಾಲೆಯ ಹಿಂದಿನ ಏರಿನಲ್ಲಿ ನಿನ್ನೆ ಮತ್ತೊಮ್ಮೆ ಗಾಳಿ ತೆಗೆದೆವು. ನಾದಿನಿ ಮುಚ್ಚಳದ ಹತ್ತಿರ, ನಾನು ಲೋಟ ಹಿಡಿದು. ನೀರನ್ನು ಬೆಳಿಗ್ಗೆ ಮಾತ್ರ ನೋಡುವುದು ಎಂದಾಗಿದೆ. ಅವಳಿಗೆ ಬೆಳಿಗ್ಗೆ ಏಳುವುದೆಂದರೆ ಪ್ರಾಣ ಹೋಗುತ್ತದೆ. ಆದರೂ ಇವತ್ತು ಕಂಬಳಿ ಹೊದ್ದು ಇಳಿದು ಬಂದಳು. ನಾನು ನೋಡಿದ ಡಬ್ಬಿಯನ್ನೇ ಬಗ್ಗಿ ಇನ್ನೊಮ್ಮೆ ನೋಡಿ, ಸರಿಯಾಗಿದೆ ಎಂದು ಹೇಳಿ, ಹೋಗಿ ಮಲಗಿದಳು.

ಹೀಟರ್ ಬೆಳಿಗ್ಗೆಯೂ ಬಂತು. ಅಜ್ಜಿಯ ಸೀಟು ಖಾಲಿ, ಇನ್ನೂ ಅಲ್ಲೇ ಇದ್ದಾರೆ. ನೋಡಿ ಬಂದೆ. ನಿದ್ದೆ ಮಾಡುತ್ತಿದ್ದರು.

ಜನವರಿ 30, ಸೋಮವಾರ

ಶುಕ್ರವಾರದ್ದನ್ನೂ ಅಲ್ಲೇ ಮುಗಿಸಿಕೊಂಡು ಮನೆಗೆ ಹೋಗಿದ್ದ ಅಜ್ಜಿ ಇವತ್ತು ವ್ಯಾನಿಗೆ ಬಂದರು. ಕೆಳಗೆ ನಿಂತಿದ್ದರು, ಸ್ವೆಟರಿನ ಮೇಲೆ ಸ್ವೆಟರು, ಅದರ ಮೇಲೆ ಶಾಲು, ತಲೆಗೆ ಟೋಪಿ. ನಾನು ಬಾಗಿಲು ತೆಗೆದರೂ ಹತ್ತಲಿಲ್ಲ. ಮೊದಲು ಕೈ ಮಾತ್ರ ಒಳಗೆ ಹಾಕಿ, ಗಾಳಿಗೆ ಹಿಡಿದು, ಬೇಕಾದಷ್ಟು ಹೊತ್ತು ನೋಡಿದರು. ಆಮೇಲೆ ಹತ್ತಿದರು.

ಸೇತುವೆ ದಾಟುವಷ್ಟರಲ್ಲಿ ಟೋಪಿ ತೆಗೆದರು. ಪೆಟ್ರೋಲ್ ಬಂಕಿನ ಹತ್ತಿರ ಶಾಲು ಬಿಚ್ಚಿ ಪೋಸ್ಟ್‌ಮ್ಯಾನ್ ಕೈಗೆ ಕೊಟ್ಟರು. ಮೇಲಿನ ಸ್ವೆಟರಿನ ಗುಂಡಿ ಬಿಚ್ಚುತ್ತಾ, “ಇದೇನಮ್ಮ ಇದು, ಬೇಯಿಸಿಬಿಡ್ತೀಯಾ ನಮ್ಮನ್ನ? ಸ್ವಲ್ಪ ಕಮ್ಮಿ ಮಾಡು,” ಎಂದರು.

“ಕಮ್ಮಿ ಮಾಡಲ್ಲ ಅಜ್ಜಿ. ಇಷ್ಟು ದಿನ ಒದ್ದಾಡಿ ಬರಿಸಿದ್ದೀವಿ,” ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಗುತ್ತಲೇ ಇದನ್ನು ಮನೆಗೆ ಹೋಗಿ ಇವರಿಗೆ ಹೇಳಬೇಕು ಎಂದುಕೊಂಡೆ. ಹೀಟರ್ ನಾವೇ ಸರಿಮಾಡಿದೆವು, ಅಜ್ಜಿ ಹೀಗಂದರು ಎಂದು. ಹೇಳಲು ಇವರಿಲ್ಲ. ಮೂರು ತಿಂಗಳಿನಿಂದ ಇವರಿಲ್ಲ. ಅದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಆಗಲೇ ತಿಳಿದದ್ದು. ರಸ್ತೆ ಮಸುಕಾಯಿತು, ಗಾಜು ಒರೆಸಿದೆ, ಗಾಜಿನಲ್ಲಿ ಏನೂ ಇರಲಿಲ್ಲ. ವ್ಯಾನನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿ, ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅತ್ತೆ. ಜೋರಾಗಿ, ನಾಚಿಕೆಯಿಲ್ಲದೆ ಅತ್ತೆ. ನಿಲ್ಲಿಸಬೇಕೆಂದುಕೊಂಡರೂ ನಿಲ್ಲಲಿಲ್ಲ. ಹೊತ್ತಾಯ್ತು, ಎಲ್ಲರಿಗೂ ಹೊತ್ತಾಯ್ತು, ಒಂದು ನಿಮಿಷ ಎಂದೆ.

ಅಜ್ಜಿಯ ಕೈ ಹಿಂದಿನಿಂದ ಬಂದು ನನ್ನ ಬೆನ್ನಿನ ಮೇಲೆ ಕೂತಿತು.

“ಅಳಮ್ಮ, ಅಳು. ನಮಗೇನು ರೈಲು ಹಿಡಿಯೋದಿದೆಯಾ? ಒಳಗೆ ಬೆಚ್ಚಗಿದೆ.”

ಕೇಂದ್ರ ಮುಟ್ಟುವಾಗ ಹನ್ನೊಂದು ನಿಮಿಷ ತಡವಾಗಿತ್ತು. ಯಾಕೆ ತಡ ಎಂದು ನರ್ಸ್ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಪೋಸ್ಟ್‌ಮ್ಯಾನ್, “ದಾರೀಲಿ ಒಂದು ಕೆಲಸ ಇತ್ತು, ಮುಗಿಸ್ಕೊಂಡು ಬಂದ್ವಿ,” ಎಂದು ಹೇಳಿ ಒಳಗೆ ನಡೆದರು.